ಬೈಸಿಕೊಳ್ಳುವ ಪೈಲ್ವಾನ

ಒಳ್ಳೆಯವರ ಬಾಳಿನಲ್ಲಿ ಹೇಳಿಕೊಳ್ಳುವಂಥದ್ದು ಏನೂ ನಡೆಯುವುದಿಲ್ಲ. ಕೆಟ್ಟವನಾಗಿ ನೋಡ್ರಿ, ಪ್ರಸಂಗಗಳು ಮನೆ ಕೇಳಿಕೊಂಡು ಬರುತ್ತವೆ. ಇದನ್ನು ಅನುಭವದಿಂದ ಹೇಳುತ್ತಿದ್ದೇನೆ, ಯಾಕಂದರೆ ಸದ್ಯಕ್ಕೆ ಇಡೀ ಕಲಬುರಗಿಯಲ್ಲಿ ನನಗಿಂತ ಕೆಟ್ಟವನು ಇನ್ನೊಬ್ಬನಿಲ್ಲ. ಇದ್ದರೆ ಬರಲಿ, ರಿಂಗಿನಲ್ಲಿ ನೋಡಿಕೊಳ್ಳೋಣ.

ನಮ್ಮೂರು ಕಮಲಾಪುರ. ವಾರವಿಡೀ ಸೇಡಂ ರಸ್ತೆಯ ಟೈರ್ ಅಂಗಡಿಯಲ್ಲಿ ಲಾರಿ ಗಾಲಿ ಬಿಚ್ಚುತ್ತೇನೆ. ರವಿವಾರ ಸಂಜೆ ಮಾತ್ರ ನಾನೇ ಬೇರೆ. ಟೀವಿಯಲ್ಲಿ ತೋರಿಸುತ್ತಾರಲ್ಲ, ಸುತ್ತ ಹಗ್ಗ ಕಟ್ಟಿದ ರಿಂಗು, ಬಣ್ಣದ ಲೈಟು, ಮೈಕಿನಲ್ಲಿ ಸವಾಲು, ಆ ನಮೂನೆಯ ಕುಸ್ತಿ ಆಡುತ್ತೇನೆ. ಯಾರು ಗೆಲ್ಲಬೇಕು, ಯಾರು ಸೋಲಬೇಕು ಅನ್ನುವುದು ಮೊದಲೇ ಮಾತಾಗಿರುತ್ತದೆ. ಆದರೆ ಬೀಳುವಾಗ ಬೆನ್ನಿಗೆ ಅದು ಗೊತ್ತಿರುವುದಿಲ್ಲ.

ಸಣ್ಣವನಿದ್ದಾಗಿನಿಂದ ನನಗೆ ಕೆಟ್ಟ ಪೈಲ್ವಾನರೇ ಇಷ್ಟ. ಗೆಳೆಯರೆಲ್ಲ ಟೀವಿ ಮುಂದೆ ಕುಳಿತು ಒಳ್ಳೆಯವರಿಗೆ ಸೀಟಿ ಹೊಡೆಯುತ್ತಿದ್ದರೆ ನನ್ನ ಕಣ್ಣು ಆ ಕಡೆಯವನ ಮೇಲೆ. ಒಬ್ಬನಿದ್ದ, ಎಷ್ಟು ಒದೆ ತಿಂದರೂ ಎದ್ದ ಕೂಡಲೇ ಚಡ್ಡಿಯೊಳಗಿನಿಂದ ಬಾಚಣಿಗೆ ತೆಗೆದು ಮೊದಲು ಕೂದಲು ಬಾಚಿಕೊಳ್ಳುತ್ತಿದ್ದ. ಇನ್ನೊಬ್ಬ ಮೊಣಕಾಲು ಮುರಿಯಿತೆಂದು ಹೊರಳಾಡಿ ಅಳುತ್ತಿದ್ದ. ಎದುರಾಳಿ ಪಾಪ ಅಂತ ಬಗ್ಗಿದನೋ, ಮುರಿದ ಕಾಲಿನಿಂದಲೇ ಒದೆ! ಆಹಾ. ಒಳ್ಳೆಯ ಪೈಲ್ವಾನ ಯಾವಾಗಲೂ ರಿಂಗಿಗೆ ಓಡಿ ಬರುತ್ತಾನೆ, ಕೆಟ್ಟವನು ನಡೆದು ಬರುತ್ತಾನೆ. ಊರಲ್ಲಿ ನೋಡಿದ್ದೀರಲ್ಲ, ಆಳು ಓಡುತ್ತಾನೆ, ಗೌಡ ನಡೆಯುತ್ತಾನೆ. ಅವತ್ತೇ ನಿರ್ಧಾರ ಮಾಡಿಬಿಟ್ಟೆ, ಆಗುವುದಾದರೆ ಇಂಥವನೇ ಆಗಬೇಕು.

ಕೆಲಸ ಸಿಕ್ಕಿದ್ದು

ನಮ್ಮ ತಂಡ ಕಟ್ಟಿದವರು ಒಬ್ಬ ಹಳೇ ಪೈಲ್ವಾನರು. ಎಲ್ಲರೂ ಉಸ್ತಾದ್ ಅನ್ನುತ್ತೇವೆ. ಸೇರಲು ಹೋದ ದಿನ ಹುಡುಗರನ್ನು ಸಾಲಾಗಿ ನಿಲ್ಲಿಸಿ, "ಏನ್ ಆಗ್ಬೇಕಂತ ಬಂದೀರಿ?" ಎಂದು ಕೇಳಿದರು. ಉಳಿದವರೆಲ್ಲ "ಹೀರೋ ರೀ" ಅಂದರು. ನಾನು "ವಿಲನ್ ರೀ" ಅಂದೆ.

"ಹಂಗಾದ್ರ ನಡದು ತೋರ್ಸು."

ನಡೆದೆ. ಎಷ್ಟು ಠೀವಿಯಿಂದ, ಎಷ್ಟು ನಿಧಾನ ನಡೆದೆನೆಂದರೆ ನಾನು ಬಾಗಿಲಿನಿಂದ ರಿಂಗು ಮುಟ್ಟುವುದರೊಳಗೆ ಉಸ್ತಾದರು ಚಹಾ ತರಿಸಿ, ಕುಡಿದು, ಕಪ್ಪು ಕೆಳಗಿಟ್ಟಿದ್ದರು. ಆಮೇಲೆ ಎದ್ದು ಬಂದು ಭುಜ ತಟ್ಟಿದರು.

"ಶಾಬಾಶ್ ಬೇಟಾ! ನಿನ್ನ ಮಾರಿ ನೋಡಿದ್ರ ಎದ್ದು ಬಂದು ಎರಡು ಬಿಡಬೇಕು ಅನಸ್ತದ. ಆದ್ರ ಒಂದು ಮಾತು. ಜನ ಬೈದ್ರ ಅಷ್ಟೇ ನೀ ವಿಲನ್. ಬೈಲಿಲ್ಲಂದ್ರ ನಿನ್ನ ಒಳ್ಳೆಯಂವನ್ನ ಮಾಡಿಬಿಡ್ತೀನಿ. ಬಿಳಿ ಚಡ್ಡಿ ಹಾಕ್ಕೊಂಡು ಎಲ್ಲಾರಿಗೂ ಕೈ ಮುಗ್ಕೋತ ಓಡಿ ಬರಬೇಕಾಗ್ತದ, ನೋಡು."

ಈ ಜನ್ಮದಲ್ಲಿ ನನಗೆ ಯಾರೂ ಇಷ್ಟು ಕ್ರೂರ ಬೆದರಿಕೆ ಹಾಕಿರಲಿಲ್ಲ.

ಆದರೂ ಖುಷಿಯೇ ಹೆಚ್ಚಾಗಿತ್ತು. ನನ್ನ ಮಾರಿ ನೋಡಿದರೆ ಎರಡು ಬಿಡಬೇಕು ಅನಿಸುತ್ತದೆ ಅಂತ ಶಾಲೆಯಲ್ಲಿ ಎಲ್ಲ ಮಾಸ್ತರರೂ ಹೇಳುತ್ತಿದ್ದರು. ಅದು ಒಂದು ಅರ್ಹತೆ ಅಂತ ಮಾತ್ರ ಯಾರೂ ಹೇಳಿರಲಿಲ್ಲ.

ಕರಿ ಕೋಟು

ರಿಂಗಿನಲ್ಲಿ ನನ್ನ ಹೆಸರು ಕರಿ ಚೇಳು. ಹೆಸರಿಗೆ ತಕ್ಕ ಕೋಟು ಬೇಕಲ್ಲ. ಸ್ಟೇಶನ್ ಬಜಾರದಲ್ಲಿ ಒಬ್ಬ ವಯಸ್ಸಾದ ದರ್ಜಿ ಚಾಚಾ ಇದ್ದಾರೆ. ಮದುಮಕ್ಕಳ ಶೇರವಾನಿ ಹೊಲಿಯುವುದರಲ್ಲಿ ಅವರನ್ನು ಮೀರಿಸುವವರಿಲ್ಲ. ಹೋಗಿ ಹೇಳಿದೆ: "ಚಾಚಾ, ಮೊಣಕಾಲ ತನಕ ಕರಿ ಕೋಟು. ಬೆನ್ನಿಗೆ ದೊಡ್ಡ ಚೇಳು. ನೋಡಿದ್ರ ಜನ ನಡುಗಬೇಕು."

ಚಾಚಾ ಟೇಪು ಹಿಡಿದು ನನ್ನ ಎದೆ ಅಳೆದರು. "ಮಾಶಾಲ್ಲಾ, ಎದಿ ಭಾಳ ಅಗಲ ಅದ" ಅಂದರು. ನಿಜ ಹೇಳುವವರನ್ನು ನಾನು ಯಾವತ್ತೂ ತಡೆಯುವುದಿಲ್ಲ.

ಕೋಟು ಕೈಗೆ ಬಂದಾಗ ನೋಡಿದೆ. ಚೇಳು ಇತ್ತು, ಜರಿಯಲ್ಲಿ ಫಳಫಳ ಹೊಳೆಯುತ್ತಿತ್ತು. ಸುತ್ತ ಗುಲಾಬಿ ಹೂವಿನ ಬಳ್ಳಿ. ಕೊರಳಿಗೆ ಮುತ್ತು.

"ಚಾಚಾ, ಇದೇನ್ರೀ? ಕೆಟ್ಟದಾಗಿ ಕಾಣಬೇಕು ಅಂದಿದ್ದೆ!"

"ಕ್ಯಾ ಕರೂಂ ಬೇಟಾ" ಅಂದರು ಚಾಚಾ, ನಿಜಕ್ಕೂ ನೊಂದು. "ಕೆಟ್ಟದ್ದು ಮಾಡಬೇಕಂತ ಭಾಳ ಕೋಶಿಶ್ ಮಾಡ್ದೆ. ಕೈ ಕೇಳಂಗಿಲ್ಲ."

ಆ ರವಿವಾರ ಕುಸ್ತಿಗೆಂದು ಹಿಡಿದ ಫಂಕ್ಷನ್ ಹಾಲ್‌ನ ಲೈಟು ಆರಿಸಿ, ನಗಾರಿ ಬಾರಿಸಿ, ಬಾಗಿಲು ತೆರೆದರು. ಎದೆ ಉಬ್ಬಿಸಿ, ಹುಬ್ಬು ಗಂಟು ಹಾಕಿ ಒಳಗೆ ಬಂದೆ. ಬೈಗುಳಕ್ಕಾಗಿ ಕಿವಿ ನೆಟ್ಟಗೆ ಮಾಡಿಕೊಂಡೆ. ಮುಂದಿನ ಸಾಲಿನಲ್ಲಿದ್ದ ಒಬ್ಬ ಅಜ್ಜಿ ಪಕ್ಕದವರನ್ನು ಕೇಳಿದಳು:

"ಮದುಮಗ ಬಂದ. ಹುಡುಗಿ ಎಲ್ಲ್ಯದಾಳ?"

ಹಿಟ್ಟು

ಉಸ್ತಾದರು ಅದೊಂದು ಸಲ ಮಾಫ್ ಮಾಡಿದರು. "ಮುಂದಿನ ಸಲ ಬೈಗುಳ ಬರಲಿಲ್ಲಂದ್ರ ಬಿಳಿ ಚಡ್ಡಿ ತಯಾರದ" ಅಂದರು.

ಮುಂದಿನ ಸಲಕ್ಕೆ ನನ್ನ ಹತ್ತಿರ ಒಂದು ಗುಪ್ತ ಆಯುಧವಿತ್ತು. ರೆಫರಿ ಆ ಕಡೆ ತಿರುಗಿದಾಗ ಹೀರೋನ ಕಣ್ಣಿಗೆ ಪೌಡರ್ ಎರಚುವುದು. ಹಳೇ ಕಾಲದಿಂದ ದೊಡ್ಡ ದೊಡ್ಡ ಖಳರು ಮಾಡಿಕೊಂಡು ಬಂದ ಪವಿತ್ರ ಕೆಲಸ. ಆದರೆ ಹೊತ್ತಿಗೆ ಸರಿಯಾಗಿ ಪೌಡರ್ ಡಬ್ಬಿ ಖಾಲಿ. ಹಾಲ್‌ನ ಹಿಂದೆ ಅಡುಗೆ ಮಾಡುವಲ್ಲಿ ರೊಟ್ಟಿ ಬಡಿಯುತ್ತಿದ್ದರು. ಒಂದು ಹಿಡಿ ಜೋಳದ ಹಿಟ್ಟು ತಂದು ಸೊಂಟಕ್ಕೆ ಕಟ್ಟಿಕೊಂಡೆ.

ಎರಚಿದೆ ನೋಡ್ರಿ! ನಮ್ಮ ಹೀರೋ, ಬಿಳಿ ಹುಲಿ ಅಂತ ಅವನ ಹೆಸರು, ಎರಡೂ ಕೈಯಲ್ಲಿ ಕಣ್ಣು ಮುಚ್ಚಿಕೊಂಡು "ಸತ್ತೆ, ಸತ್ತೆ" ಎಂದು ಹೊರಳಾಡಿದ. ಒಬ್ಬ ಹೆಂಗಸು ಎದ್ದು ನಿಂತಳು.

"ಏ, ಜ್ವಾಳದ ಹಿಟ್ಟೇನೋ ಅದು?"

"ಹೌದು! ಏನ್ ಮಾಡ್ತಿ?" ಎಂದು ಗುಡುಗಿದೆ.

"ಉಣ್ಣೂ ಅನ್ನ ಚೆಲ್ಲತೀದಿ? ನಿನ್ನ ಕೈ ಸೇದಿ ಹೋಗ! ನಿಮ್ಮವ್ವ ಇದನ್ನೇ ಕಲಿಸ್ಯಾಳೇನು?"

ಆಮೇಲೆ ಇಡೀ ಹಾಲ್ ಎದ್ದಿತು. ಅಂಥ ಬೈಗುಳ, ಅಂಥ ಶಾಪ! ನಾನು ಕಣ್ಣು ಮುಚ್ಚಿ ಎರಡೂ ಕೈ ಚಾಚಿ ಮಳೆಯಲ್ಲಿ ನಿಂತಂತೆ ನಿಂತೆ. ಕೆಳಗೆ ಬಿದ್ದಿದ್ದ ಹುಲಿ ಬೆರಳ ಸಂದಿಯಿಂದ ನೋಡಿ ಮೆಲ್ಲಗೆ ಕೇಳಿದ: "ನನ್ನ ಕಣ್ಣಿನ ಬಗ್ಗೆ ಯಾರರ ಏನರ ಅಂದ್ರೇನೋ?"

"ಇಲ್ಲಪಾ. ನಿನ್ನ ಕಣ್ಣಾಗ ಹೋದ ಹಿಟ್ಟು ವಾಪಸ್ ತೆಗಿ ಅನ್ನಾಕತ್ತಾರ."

ಸುಸಲಾ ಮಿರ್ಚಿ

ರಿಂಗಿನಲ್ಲಿ ಹುಲಿಗೂ ನನಗೂ ಹಾವು ಮುಂಗುಸಿ ವೈರ. ಹೊರಗೆ ಐವಾನ್-ಎ-ಶಾಹಿ ಕಡೆ ಒಂದೇ ಖೋಲಿಯಲ್ಲಿ ಇರುತ್ತೇವೆ. ಒಂದು ದಿನ ಬೆಳಿಗ್ಗೆ ಇಬ್ಬರೂ ಬಂಡಿಯ ಹತ್ತಿರ ಸುಸಲಾ ಮಿರ್ಚಿ, ಅಂದರೆ ಒಗ್ಗರಣೆ ಹಾಕಿದ ಮಂಡಕ್ಕಿ ಮತ್ತು ಮೆಣಸಿನಕಾಯಿ ಬಜ್ಜಿ, ತಿನ್ನುತ್ತಾ ನಿಂತಿದ್ದೆವು. ನಮ್ಮ ಕುಸ್ತಿ ನೋಡಿದ್ದ ಒಬ್ಬ ಮನುಷ್ಯ ಬಂದ. ನನ್ನನ್ನು ನೋಡಿ ಅವನ ಮುಖ ಕೆಂಪಾಯಿತು. ಹುಲಿಯ ಕೈ ಹಿಡಿದು ಬದಿಗೆ ಎಳೆದ.

"ಅಣ್ಣಾ, ನಿನಗ ಬುದ್ಧಿ ಅದ ಇಲ್ಲೋ? ಇಂವನ ಬಾಜೂ ನಿಂತು ತಿನ್ನಾಕತ್ತೀದಿ? ಹಿಂದಿನ ವಾರ ಕಣ್ಣಾಗ ಹಿಟ್ಟು ಹಾಕ್ಯಾನ, ಇವತ್ತ ಸುಸಲಾದಾಗ ಏನ್ ಹಾಕ್ತಾನೋ ಯಾರಿಗೆ ಗೊತ್ತು!"

ನನಗೆ ಆನಂದವೋ ಆನಂದ. ಬೆಳಿಗ್ಗೆ ಬೆಳಿಗ್ಗೆ, ಅದೂ ಪುಕ್ಕಟೆ ಬೈಗುಳ. ಹುಲಿ ಮಾತ್ರ ಗಂಭೀರವಾಗಿ ತಲೆಯಾಡಿಸಿದ. ಆ ಮನುಷ್ಯನ ಕಣ್ಣೆದುರೇ ನನ್ನ ಕೈಯಿಂದ ಪ್ಲೇಟು ಕಸಿದುಕೊಂಡ.

"ನೀ ಹೇಳೂದು ಖರೇ ಅದ ಅಣ್ಣಾ. ಇಂಥಾ ಮಂದಿಗಿ ಮಿರ್ಚಿ ಕೊಡಬಾರದು" ಅಂದು ಎರಡೂ ಪ್ಲೇಟು ಖಾಲಿ ಮಾಡಿದ. ಆ ಮನುಷ್ಯ ಹೋದ ಮೇಲೆ "ಬೈಗುಳ ನಿನಗ, ಮಿರ್ಚಿ ನನಗ. ಲೆಕ್ಕ ಬರಾಬರ್" ಎಂದು ಬಾಯಿ ಒರೆಸಿಕೊಂಡ. ಮಂದಿ ಇವನಿಗೆ ಹೀರೋ ಅನ್ನುತ್ತಾರೆ.

ಸ್ವಂತ ಊರು

ಇಷ್ಟೆಲ್ಲ ಗೆದ್ದವನಿಗೆ ದೊಡ್ಡ ಪರೀಕ್ಷೆ ಬಂದದ್ದು ಕಮಲಾಪುರದಲ್ಲಿ. ನಮ್ಮೂರ ಮೈದಾನದಲ್ಲೇ ಕುಸ್ತಿ ಇಟ್ಟರು. ಬಸ್ಸಿನಲ್ಲಿ ಉಸ್ತಾದರು ನನ್ನ ಪಕ್ಕ ಬಂದು ಕುಳಿತರು.

"ಬೇಟಾ, ಪರವೂರಾಗ ಯಾರರ ಬೈಸ್ಕೋತಾರ. ಸ್ವಂತ ಊರಾಗ ಬೈಸ್ಕೊಂಡಂವನೇ ಅಸಲಿ ವಿಲನ್. ಇವತ್ತ ಬೈಲಿಲ್ಲಂದ್ರ ನಿನ್ನ ಒಳ್ಳೆಯಂವನ್ನ ಮಾಡೂದು ಖಾಯಂ."

"ಬೈತಾರ್ರೀ ಉಸ್ತಾದ್. ನಮ್ಮೂರಾಗ ನನಗ ಬೈಲಾರದಂವ ಯಾವನದಾನ?"

ಮೈದಾನಕ್ಕೆ ಕಾಲಿಟ್ಟೆ. ಹಲಗೆ ಬಾರಿಸತೊಡಗಿದರು. ನಮ್ಮ ಕಾಕಾ ರಿಂಗು ಹತ್ತಿ ಬಂದು ನನ್ನ ಕರಿ ಕೋಟಿನ ಮೇಲೆ ಶಾಲು ಹೊದಿಸಿದರು. ಊರೆಲ್ಲ ಚಪ್ಪಾಳೆ. ಉಸ್ತಾದರ ಮುಖ ಸಣ್ಣದಾಯಿತು.

ಕುಸ್ತಿ ಶುರುವಾಯಿತು. ಹುಲಿ ಕೈ ಮುಗಿಯುತ್ತಿದ್ದಾಗ ಹಿಂದಿನಿಂದ ಒದ್ದೆ. "ಹಾಂ, ಹಂಗ ಹಾಕು!" ಎಂದರು ಜನ. ಕಣ್ಣಿಗೆ ಬೆರಳು ಚುಚ್ಚಿದೆ. "ಶಾಣ್ಯಾ ಹುಡುಗ!" ಎಂದರು. ಸೋಲುವಂತಾದಾಗ ರೆಫರಿಯ ಹಿಂದೆ ಅಡಗಿ ಕುಳಿತೆ. "ಹುಷಾರಿ ಅಂದ್ರ ಇದು" ಎಂದು ಕಾಕಾ ಎಲ್ಲರಿಗೂ ತಿಳಿಸಿ ಹೇಳಿದರು. ಕೊನೆಗೆ ಹುಲಿ ನನಗೆ ಒಂದು ಕೊಟ್ಟ ಕೂಡಲೇ ಊರಿಗೆ ಊರೇ ಅವನನ್ನು ಬೈಯತೊಡಗಿತು. ಪಾಪ, ಅವನಿಗೆ ಅಭ್ಯಾಸವಿಲ್ಲ. ಕಣ್ಣಲ್ಲಿ ನೀರು ತಂದುಕೊಂಡು "ಲೇ, ಏನರ ಮಾಡೋ" ಅಂದ.

ಮೈಕು ಕಸಿದುಕೊಂಡೆ. "ಏ ಕಮಲಾಪುರದ ಮಂದೀ! ನೀವೆಲ್ಲಾ ಮೈಗಳ್ಳರು! ದಿನಾ ಕಟ್ಟಿ ಮ್ಯಾಲ ಕುಂತು ಹರಟಿ ಹೊಡಿತೀರಿ!"

"ಖರೇ ಅದ, ಖರೇ ಅದ!" ಎಂದು ಕಟ್ಟೆ ಮೇಲೆ ಕುಳಿತವರೇ ನಕ್ಕರು.

"ಇಸ್ಪೀಟ್ ಆಡಿ ಸೋತು, ಮನಿಗಿ ಹೋಗಿ ಹೆಂಡರ ಮುಂದ ಸುಳ್ಳು ಹೇಳ್ತೀರಿ!"

ಹೆಂಗಸರ ಕಡೆಯಿಂದ ಅವತ್ತಿನ ಅತಿ ದೊಡ್ಡ ಚಪ್ಪಾಳೆ ಬಿತ್ತು.

ಉಸ್ತಾದರು ಕೆಳಗೆ ಚೀಲದೊಳಗೆ ಕೈ ಹಾಕಿ ಏನೋ ಬಿಳಿಯದನ್ನು ಹುಡುಕುತ್ತಿದ್ದರು. ಆಗ ನನ್ನ ಬಾಯಿಂದ ಹೊರಟಿತು ನೋಡ್ರಿ ಆ ಮಾತು:

"ನಿಮ್ಮ ಕಮಲಾಪುರದ ಕೆಂಪ ಬಾಳಿಹಣ್ಣು ಇರ್ತದಲ್ಲ? ಥೂ! ಅದಕ್ಕಿಂತ ಪ್ಯಾಟಿ ಹಳದಿ ಬಾಳಿಹಣ್ಣೇ ರುಚಿ!"

ಎಲ್ಲೋ ಒಂದು ಕೂಸು ಅಳುತ್ತಿತ್ತು, ಅದೂ ಸುಮ್ಮನಾಯಿತು. ನಮ್ಮೂರ ಕೆಂಬಾಳೆ ಅಂದರೆ ನಮಗೆ ಹಣ್ಣಲ್ಲ, ಮಾನ. ಅರ್ಧ ಊರು ಅದನ್ನು ಬೆಳೆಯುತ್ತದೆ, ಇನ್ನರ್ಧ ಊರು ಮಾರುತ್ತದೆ. ಬಸ್ ನಿಲ್ದಾಣದಲ್ಲಿ ಬುಟ್ಟಿ ಇಟ್ಟು ಮಾರುವವರಲ್ಲಿ ನಮ್ಮವ್ವನೂ ಒಬ್ಬಳು.

ಕಾಕಾ ಮತ್ತೆ ರಿಂಗು ಹತ್ತಿದರು. ಹಗ್ಗದ ಮೇಲೆ ಹಾಕಿದ್ದ ನನ್ನ ಶಾಲು ತೆಗೆದು ಹುಲಿಗೆ ಹೊದಿಸಿದರು. ಹೆಂಗಸರ ಸಾಲಿನಿಂದ ನಮ್ಮವ್ವ ಎದ್ದು ಕೂಗಿದಳು: "ಅಂವ ನನ್ನ ಮಗ ಅಲ್ಲ! ದವಾಖಾನ್ಯಾಗ ಅದಲಿ ಬದಲಿ ಆಗ್ಯಾನ!"

ಆಗ ಬಂತು ನೋಡ್ರಿ ಬೈಗುಳ! ಕಲಬುರಗಿಯವರು ಬೈಯುವುದು ಬೈಗುಳವೇ ಅಲ್ಲ. ನಮ್ಮೂರವರು ನನ್ನ ಏಳು ತಲೆಮಾರಿನವರ ಹೆಸರು ಹಿಡಿದು ಬೈದರು, ಪ್ರಾಸ ಕೂಡಿಸಿ ಬೈದರು. ಮಾತಾದಂತೆ ನಾನು ಸೋತೆ, ಹುಲಿಯನ್ನು ಹೆಗಲ ಮೇಲೆ ಹೊತ್ತರು. ಉಸ್ತಾದರು ಕಣ್ಣು ಒರೆಸಿಕೊಂಡು ಅಪ್ಪಿಕೊಂಡರು. "ಇಂಥಾ ಬೈಗುಳ ನನ್ನ ಉಮರಿನ್ಯಾಗ ಕೇಳಿಲ್ಲ ಬೇಟಾ. ಇನ್ನ ನಿನ್ನ ಯಾರೂ ಒಳ್ಳೆಯಂವನ್ನ ಮಾಡಾಕ ಆಗಂಗಿಲ್ಲ."

ತಿರುಗಿದರೆ ಹಗ್ಗದ ಆಚೆ ಅವ್ವ ನಿಂತಿದ್ದಳು.

"ಅವ್ವಾ, ಅದು ಬರೇ ಆಟ..."

"ಗೊತ್ತದ ನನಗ. ಒದ್ದಿದ್ದು ಸುಳ್ಳು, ಬಿದ್ದಿದ್ದು ಸುಳ್ಳು. ಬಾಳಿಹಣ್ಣಿನ ಮಾತೂ ಸುಳ್ಳಂತ ಈಗಿಂದೀಗ ಮೈಕಿನ್ಯಾಗ ಹೇಳು. ಇಲ್ಲಂದ್ರ ಮನ್ಯಾಗ ಉಣಲಾಕ ಬರಬ್ಯಾಡ."

ಈ ಕಡೆ ಉಸ್ತಾದರು ಕಿವಿಯಲ್ಲಿ ಪಿಸುಗುಟ್ಟಿದರು: "ಮಾಫಿ ಕೇಳಿದ್ರ ಜನ ಚಪ್ಪಾಳಿ ಹೊಡಿತಾರ. ಚಪ್ಪಾಳಿ ಬಿದ್ರ ನೀ ಒಳ್ಳೆಯಂವ. ನೋಡ್ಕೋ."

ಆ ಕಡೆ ಅವ್ವನ ಕೈಯ ಎಣಗಾಯಿ ಪಲ್ಯ, ಈ ಕಡೆ ನನ್ನ ಹೆಸರು. ಆದರೆ ನನ್ನಂಥ ತಲೆ ಎಲ್ಲರಿಗೂ ಇರುವುದಿಲ್ಲ. ಮತ್ತೆ ಮೈಕು ಹಿಡಿದೆ. ಹೊರಟಿದ್ದ ಜನ ನಿಂತರು.

"ತಪ್ಪಾತು! ಕಮಲಾಪುರದ ಕೆಂಪ ಬಾಳಿಹಣ್ಣಿನಂಥಾ ಹಣ್ಣು ಜಗತ್ತಿನ್ಯಾಗೇ ಇಲ್ಲ!"

ಜನ ಚಪ್ಪಾಳೆಗೆ ಕೈ ಎತ್ತಿದರು. ಉಸ್ತಾದರು ಕಣ್ಣು ಮುಚ್ಚಿಕೊಂಡರು.

"ಆದ್ರ ಅಂಥಾ ಹಣ್ಣು ಸಿಗೂದು ನಮ್ಮವ್ವನ ಬುಟ್ಟ್ಯಾಗ ಮಾತ್ರ! ಉಳದೋರ ಹಣ್ಣು ದನಾನೂ ಮೂಸಂಗಿಲ್ಲ!"

ಎತ್ತಿದ ಕೈಗಳು ಮುಷ್ಟಿಯಾದವು. ಮೊದಲಿನ ಬೈಗುಳ ಇದರ ಮುಂದೆ ಲಾಲಿ ಹಾಡು. ಆ ಗದ್ದಲದ ನಟ್ಟನಡುವೆ ಒಬ್ಬಳೇ ಒಬ್ಬಳು ಚಪ್ಪಾಳೆ ಹೊಡೆಯುತ್ತಿದ್ದಳು. ಹೊಡೆಯುತ್ತಾ, ಸೆರಗು ಸೊಂಟಕ್ಕೆ ಸಿಕ್ಕಿಸಿ, ಊರಿನ ಕಡೆ ತಿರುಗಿ ಕೂಗಿದಳು: "ಕೇಳಿದ್ರೇನು? ಕಿವಿ ತುಂಬ ಕೇಳಿದ್ರೇನು? ಇನ್ನೊಂದ್ಸಲ ಹೇಳಸಲೇನು?"

ನನಗೆ ಬರುತ್ತಿದ್ದ ಬೈಗುಳವೆಲ್ಲ ಅವಳ ಕಡೆ ತಿರುಗಿತು, ಇಮ್ಮಡಿಯಾಯಿತು. ಅವ್ವ ಗಲ್ಲ ಎತ್ತಿ ನಗುತ್ತಾ ನಿಂತಳು.

ಉಸ್ತಾದರು ಬಾಯಿ ತೆರೆದು ನೋಡುತ್ತಿದ್ದರು. "ಯಾರಪಾ ಆ ಹೆಣ್ಮಗಳು?"

"ನಮ್ಮವ್ವ ರೀ" ಅಂದೆ.

ಉಸ್ತಾದರು ಕಣ್ಣು ಕೀಳದೆ ಅಂದರು: "ಮುಂದಿನ ರವಿವಾರ ರಿಂಗಿಗೆ ಬರಾಕ ಅವರಿಗೆ ಪುರಸೊತ್ತು ಅದೇನು ಕೇಳು."