ಮಗಳ ಮದುವೆಗೊಂದು ಚಕ್ಕಳಮಕ್ಕಳ

ಯೋಗದಿಂದ ಮನಸ್ಸು ಶಾಂತವಾಗುತ್ತದೆ ಎನ್ನುತ್ತಾರೆ. ಇರಬಹುದು. ಆದರೆ ನಾಲ್ಕು ಜನ ಚಾಪೆ ಸುತ್ತಿಕೊಂಡು ಒಂದು ಕಡೆ ಸೇರಿದರೆ ಶಾಂತಿಗಿಂತ ಮೊದಲು ಯಾವುದಾದರೊಂದು ಅವಾಂತರ ಬಂದು ಮುಂದಿನ ಸಾಲಿನಲ್ಲಿ ಕೂತಿರುತ್ತದೆ.

ನಾನು ರಾಮನಗರದ ಕಾಲೇಜೊಂದರಲ್ಲಿ ಭೌತಶಾಸ್ತ್ರ ಪಾಠ ಮಾಡುವವನು. ಪುರಾವೆ ಇಲ್ಲದ್ದನ್ನು ನಂಬುವ ಅಭ್ಯಾಸವಿಲ್ಲ. ನೆಲದ ಮೇಲೆ ಕೂರುವ ಅಭ್ಯಾಸವೂ ತಪ್ಪಿ ಬಹಳ ವರ್ಷವಾಗಿತ್ತು. ಮಗಳ ಮದುವೆ ಗೊತ್ತಾದಾಗ ಈ ಎರಡನೆಯದು ಸಮಸ್ಯೆಯಾಯಿತು. ಹೆಣ್ಣಿನ ತಂದೆ ಹಸೆಯ ಪಕ್ಕದಲ್ಲಿ ಚಕ್ಕಳಮಕ್ಕಳ ಹಾಕಿ ಕೂತು, ಪುರೋಹಿತರು ಹೇಳಿದ್ದನ್ನೆಲ್ಲ ಮಾಡಬೇಕು.

"ಒಂದು ಕುರ್ಚಿ ಹಾಕಿಸಿದರಾಯಿತು" ಎಂದೆ.

"ಕುರ್ಚೀಲಿ ಕೂತ್ಕೊಂಡು ಅಳಿಯನ ಕಾಲು ಹೆಂಗ್ರೀ ತೊಳೀತೀರಾ? ಪೈಪ್ ಹಿಡೀತೀರಾ?" ಎಂದಳು ಹೆಂಡತಿ.

ಮಗಳು ವಾದ ಮಾಡಲಿಲ್ಲ. "ಅಪ್ಪ, ನೀನು ನನ್ ಪಕ್ಕದಲ್ಲಿ ಕೂರ್ಬೇಕು, ಅಷ್ಟೇ" ಎಂದಳು. ವಾದ ಮಾಡಿದ್ದರೆ ಗೆಲ್ಲುತ್ತಿದ್ದೆ.

ಮೂಳೆ ಡಾಕ್ಟರು ಮಂಡಿ ಒತ್ತಿ ನೋಡಿ, "ಏನೂ ಕೆಟ್ಟಿಲ್ಲ, ತುಕ್ಕು ಹಿಡಿದಿದೆ. ಮೆಲ್ಲಗೆ ಯೋಗ ಮಾಡಿ" ಎಂದರು. ಹೀಗೆ ನಮ್ಮ ಬಡಾವಣೆಯ ಸಮುದಾಯ ಭವನದ ತರಗತಿಗೆ ಸೇರಿದೆ. ಮದುವೆಗೆ ಇನ್ನೂ ಕಾಲ ಇತ್ತು, ಕಾಲು ಇರಲಿಲ್ಲ.

ಯೋಗ ಐತಾ?

ತರಗತಿ ನಡೆಸುವ ಮೇಡಂ ಮಂಗಳೂರು ಕಡೆಯವರು. ಮಾತು ಪುಸ್ತಕದಂತೆ ಅಚ್ಚುಕಟ್ಟು. ಬೋರ್ಡು ಬರೆದ ಪೇಂಟರು ಮಾತ್ರ ಇಲ್ಲಿಯವನು. 'ಇಲ್ಲಿ ಯೋಗ ಹೇಳಿಕೊಡುತ್ತೇವೆ' ಎಂದು ಬರೆಯಬೇಕಿತ್ತು. ಜಾಗ ಸಾಲದೆ 'ಇಲ್ಲಿ ಯೋಗ ಹೇಳುತ್ತೇವೆ' ಎಂದು ಮುಗಿಸಿದ್ದ.

ಒಂದು ಬೆಳಿಗ್ಗೆ ಬೈರಾಪಟ್ಟಣದ ರೈತರೊಬ್ಬರು ಬಂದರು. ಅಂಗಿಯೊಳಗಿಂದ ಮಗನ ಜಾತಕ ತೆಗೆದು ಮೇಡಂ ಮುಂದಿಟ್ಟರು.

"ಒಸಿ ನೋಡಿ ಹೇಳವ್ವ. ವಯಸ್ಸು ಮೂವತ್ನಾಕಾಯ್ತು. ಯೋಗ ಐತಾ?"

ಮೇಡಂ ಕಾಗದದ ಕಡೆ ನೋಡಲೇ ಇಲ್ಲ. "ಯೋಗ ಎಲ್ಲರಿಗೂ ಉಂಟು. ವಯಸ್ಸು ಮುಖ್ಯವಲ್ಲ. ಆತುರ ಮಾಡಬಾರದು, ಅಷ್ಟೇ."

"ಜಮೀನೈತೆ, ಹಸ ಅವೆ. ಆದ್ರೂ ಎಲ್ಲಾ ಬ್ಯಾಡ ಅಂತಾವ್ರೆ."

"ಅದೆಲ್ಲ ಯಾಕೆ? ಒಂದು ಚಾಪೆ ಇದ್ದರೆ ಸಾಕು. ನಾಳೆಯೇ ಶುರು ಮಾಡಬಹುದು."

ರೈತರು ಬೆಚ್ಚಿಬಿದ್ದರು. "ಚಾಪೆಯಾ? ಹೆಣ್ಣೇ ಇನ್ನೂ ಗೊತ್ತಾಗಿಲ್ವಲ್ಲವ್ವಾ!"

ಎಲ್ಲಾ ಜ್ವರಕ್ಕೆ ಹೋದ್ವು

ಕೈಲಾಂಚದಿಂದ ಸ್ಕೂಟರಿನಲ್ಲಿ ಒಬ್ಬ ಹೆಂಗಸು ಬರುತ್ತಿದ್ದರು. ಮನೆಯಲ್ಲಿ ರೇಷ್ಮೆ ಸಾಕಣೆ. ಸೊಪ್ಪು ಕುಯ್ದು ಕುಯ್ದು ಸೊಂಟ ಹಿಡಿದಿತ್ತು. ದಿನಾ ತಡವಾಗಿ ಬರುವವರು ಒಂದು ದಿನ ಎಲ್ಲರಿಗಿಂತ ಮೊದಲೇ ಬಂದು ನಗುನಗುತ್ತ ಕೂತಿದ್ದರು.

"ಏನು, ಇವತ್ತು ಬೇಗ?" ಎಂದರು ಮೇಡಂ.

"ಎಲ್ಲಾ ಜ್ವರಕ್ಕೆ ಹೋದ್ವು ಮೇಡಂ. ಇವತ್ತು ನಂಗೆ ಆರಾಮು."

"ಅಯ್ಯೋ, ಎಲ್ಲ ಮಕ್ಕಳಿಗೂ ಒಟ್ಟಿಗೆಯಾ? ಎಷ್ಟು ಮಂದಿ?"

ಹುಳುಗಳನ್ನು ತಾನು ಮಕ್ಕಳಂತೆ ಸಾಕಿದ್ದಕ್ಕೆ ಮೇಡಂ ಅಕ್ಕರೆಯಿಂದ ಹಾಗೆ ಕರೆದರು ಎಂದುಕೊಂಡು ಆಕೆ ಇನ್ನಷ್ಟು ನಕ್ಕರು. "ಯಾರ್ ಎಣಿಸ್ತಾರೆ ಮೇಡಂ! ಮನೆ ತುಂಬಾ ಅವೆ."

"ಏನಾದರೂ ತಿನ್ನಿಸಿ ಬಂದಿರಾ?"

"ಜ್ವರದಲ್ಲಿ ಹಾಕ್ಬಾರ್ದು, ಕೆಟ್ಟೋಯ್ತವೆ. ಮೇಲೆ ಒಸಿ ಸುಣ್ಣ ಎರಚ್ಬುಟ್ಟು ಬಂದೆ."

ಮೇಡಂ ಹಾಗೇ ಚಾಪೆ ಮೇಲೆ ಕುಸಿದರು. ರೇಷ್ಮೆಹುಳು ಪೊರೆ ಬಿಡುವ ಮುಂಚೆ ಮೇವು ಬಿಟ್ಟು, ತಲೆ ಎತ್ತಿಕೊಂಡು, ಅಲ್ಲಾಡದೆ ಕೂರುತ್ತದೆ, ಅದಕ್ಕೆ ಇಲ್ಲಿ ಜ್ವರ ಎನ್ನುತ್ತಾರೆ, ತೇವ ಹೀರಲು ಸುಣ್ಣ ಎರಚುತ್ತಾರೆ ಎಂದು ನಾನು ಬಿಡಿಸಿ ಹೇಳುವವರೆಗೂ ಅವರ ಉಸಿರು ಹಿಡಿತಕ್ಕೆ ಬರಲಿಲ್ಲ. ಪ್ರಾಣಾಯಾಮ ಕಲಿಸುವವರು ಅವರೇ.

ಅಂದಿನ ಪಾಠ ಭುಜಂಗಾಸನ. ಬೋರಲು ಮಲಗಿ, ತಲೆ ಎದೆ ಎತ್ತಿ, ಅಲ್ಲಾಡದೆ ಇರಬೇಕು. ಕೈಲಾಂಚದವರು ತಲೆ ಎತ್ತಿದವರೇ ಕೂಗಿದರು: "ಮೇಡಂ, ಇದೇ! ಇದೇ ಜ್ವರ!"

ಆಮೇಲೆ ಆ ಆಸನಕ್ಕೆ ಬೇರೆ ಹೆಸರೇ ಉಳಿಯಲಿಲ್ಲ. ಮೇಡಂ ಕೂಡ "ಎಲ್ಲರೂ ಜ್ವರಕ್ಕೆ ಹೋಗಿ" ಎನ್ನತೊಡಗಿದರು. ಹಿಂದಿನ ಸಾಲಿನಿಂದ ಯಾರೋ ಅಂದರು: "ಸುಣ್ಣ ಮಾತ್ರ ಎರಚ್ಬೇಡಿ ಮೇಡಂ."

ಬಿಟ್ಟುಬಿಡಿ

ಒಂದು ಭಾನುವಾರ ಮೇಡಂ ನಮ್ಮನ್ನೆಲ್ಲ ಸಾವನದುರ್ಗದ ಬುಡಕ್ಕೆ ಕರೆದುಕೊಂಡು ಹೋದರು. ಅಷ್ಟರಲ್ಲಿ ನನ್ನ ಮಂಡಿ ಚಾಪೆಯ ಹತ್ತಿರಕ್ಕೆ ಇಳಿದಿತ್ತು. ಶೂ ಲೇಸನ್ನು ನಾನೇ ಕಟ್ಟಿಕೊಳ್ಳುತ್ತಿದ್ದೆ. ನಿದ್ದೆ ಚೆನ್ನಾಗಿ ಬರುತ್ತಿತ್ತು. ಇದನ್ನು ಮನೆಯಲ್ಲಿ ಹೇಳಿರಲಿಲ್ಲ. ಹೇಳಿದರೆ ಹೆಂಡತಿ ಇನ್ನು ಉಪವಾಸಕ್ಕೂ ಕೂರಿಸುತ್ತಿದ್ದಳು.

ಕೊನೆಯಲ್ಲಿ ಶವಾಸನ. "ಕಣ್ಣು ಮುಚ್ಚಿ. ಯಾವ ಸದ್ದು ಬಂದರೂ ತೆರೆಯಬೇಡಿ. ಈ ಲೋಕದಲ್ಲಿ ಯಾವುದೂ ನನ್ನದಲ್ಲ ಅಂದುಕೊಳ್ಳಿ. ಬಿಟ್ಟುಬಿಡಿ, ಎಲ್ಲವನ್ನೂ ಬಿಟ್ಟುಬಿಡಿ."

ಸದ್ದು ಬಂತು. ಪ್ಲಾಸ್ಟಿಕ್ ಕವರಿನದು. ನಂಬಿಕೆಯಿಲ್ಲದವನಾದ್ದರಿಂದ ನಾನೇ ಮೊದಲು ಕಣ್ಣು ತೆರೆದೆ. ನಾವು ತಿಂಡಿಗೆಂದು ತಂದಿದ್ದ ಅಷ್ಟೂ ಇಡ್ಲಿಯನ್ನು ಕೋತಿಗಳು ಬಂಡೆಯ ಮೇಲೆ ಕೂತು ತಿನ್ನುತ್ತಿದ್ದವು, ಅವೂ ಚಕ್ಕಳಮಕ್ಕಳ ಹಾಕಿಕೊಂಡು.

ಕೈಲಾಂಚದವರು ಎದ್ದು ಕೂತು ನಿಟ್ಟುಸಿರಿಟ್ಟರು. "ನಾವು ಬುಟ್ವಿ ಮೇಡಂ. ಅವು ಬುಡ್ಲಿಲ್ಲ."

ಧಾರೆ

ಮದುವೆ ಕನಕಪುರದ ಕಲ್ಯಾಣ ಮಂಟಪದಲ್ಲಿ. ಹಸೆಯ ಪಕ್ಕದಲ್ಲಿ, ಯಾರ ಹೆಗಲೂ ಹಿಡಿಯದೆ, ಚಕ್ಕಳಮಕ್ಕಳ ಹಾಕಿ ಕೂತೆ. ಮಗಳು ಮೊದಲು ನನ್ನ ಮಂಡಿ ನೋಡಿದಳು, ಆಮೇಲೆ ಮುಖ ನೋಡಿ ನಕ್ಕಳು. ನಾನು ಬೇರೆ ಪುರಾವೆ ಕೇಳಲಿಲ್ಲ.

ಪುರೋಹಿತರು ನಿಧಾನಸ್ಥರು. ತರಗತಿಯಲ್ಲಾದರೆ ಮೇಡಂ ಆಗಾಗ ಕಾಲು ಚಾಚಿಸುತ್ತಿದ್ದರು. ಶಾಸ್ತ್ರದಲ್ಲಿ ಅದಕ್ಕೆ ಜಾಗವಿಲ್ಲ. ಮುಖ ಸಡಿಲ ಬಿಟ್ಟು, ಮೆಲ್ಲಗೆ ಉಸಿರಾಡುತ್ತ ಕೂತೆ. ಅಳಿಯನ ಕಾಲು ತೊಳೆದೆ. ಧಾರೆ ಎರೆದೆ. ಹೆಂಡತಿ ಅತ್ತಳು, ಅಕ್ಕ ಅತ್ತಳು, ಮಗಳು ಅತ್ತಳು. ನಾನು ಉಸಿರಾಡುತ್ತಿದ್ದೆ.

ಹಿಂದಿನಿಂದ ಒಬ್ಬ ಅಜ್ಜಿಯ ದನಿ ಕೇಳಿಸಿತು: "ಏನ್ ಕಲ್ಲೆದೆಯವ್ವ ಈ ಮೇಷ್ಟ್ರುದು! ಒಂದು ತೊಟ್ಟು ಕಣ್ಣೀರಾದ್ರೂ ಬ್ಯಾಡ್ವಾ?"

"ಇನ್ನು ಏಳಬಹುದು" ಎಂದರು ಪುರೋಹಿತರು.

ಎದ್ದೆ. ಅಂದರೆ, ಸೊಂಟದಿಂದ ಮೇಲಷ್ಟೇ ಎದ್ದೆ. ಎಡಗಾಲು ಜೋಮು ಹಿಡಿದು ಇಲ್ಲವೇ ಇಲ್ಲ ಎನ್ನುವಂತಿತ್ತು. ಬಲಗಾಲಿನ ಮೀನಖಂಡಕ್ಕೆ ಸೆಳೆತ ಹೊಡೆದು ಕಣ್ಣಲ್ಲಿ ನೀರು ಧಾರಾಕಾರವಾಗಿ ಸುರಿಯಿತು. "ಅಯ್ಯೋ, ನನ್ನ ಕಾಲು" ಎಂದು ಕೂಗಿದೆ. 'ಅಯ್ಯೋ, ನನ್ನ' ಎನ್ನುವುದು ಎಲ್ಲರಿಗೂ ಕೇಳಿಸಿತು. 'ಕಾಲು' ವಾಲಗದಲ್ಲಿ ಮುಳುಗಿತು.

ಇಡೀ ಮಂಟಪ ಕರಗಿತು. "ಪಾಪ, ಇಷ್ಟೊತ್ತೂ ತಡ್ಕೊಂಡಿದ್ರು ಕಣ್ರವ್ವಾ!" ಎಂದು ಅದೇ ಅಜ್ಜಿ ಸೆರಗಿನಿಂದ ಕಣ್ಣೊರೆಸಿಕೊಂಡರು. ವಿಡಿಯೋದವನು ಲೈಟು ಹಿಡಿದ. ಬೀಗರು ಓಡಿಬಂದು ನನ್ನ ಎರಡೂ ಕೈ ಹಿಡಿದೆತ್ತಿ ನಿಲ್ಲಿಸಿದರು. ಅವರ ಕಣ್ಣೂ ಒದ್ದೆ.

"ಅಳ್ಬ್ಯಾಡಿ ಬೀಗ್ರೇ. ನಿಮ್ ಮಗಳು ಇನ್ಮೇಲೆ ನಮ್ ಮಗಳು. ಯಾವತ್ತೂ ಕೈ ಬುಡಕ್ಕಿಲ್ಲ."

"ಅವಳದಿರಲಿ ಬೀಗರೇ," ಎಂದೆ ಹಲ್ಲು ಕಚ್ಚಿ, "ಸದ್ಯಕ್ಕೆ ನನ್ನ ಕೈ ಬಿಡಬೇಡಿ. ಬಿಟ್ಟರೆ ಬೀಳ್ತೀನಿ."