ಬದುಕಿದ್ದೀರಾ ಅಂತ ಕೇಳುವ ಕೆಲಸ

ಖಜಾನೆ ಕಚೇರಿಯಲ್ಲಿ ಕೆಲಸ ಅಂದರೆ ನಾನು ದಿನವಿಡೀ ನೋಟು ಎಣಿಸ್ತೀನಿ ಅಂತ ಜನ ಅಂದ್ಕೋತಾರೆ. ಎಲ್ಲಿಯ ನೋಟು ಮಾರಾಯ್ರೆ, ನಾನು ಎಣಿಸೋದು ಮನುಷ್ಯರನ್ನ. ಮೂಡಿಗೆರೆ ಸುತ್ತಮುತ್ತಲಿನ ಸರ್ಕಾರಿ ಪಿಂಚಣಿದಾರರಲ್ಲಿ ಯಾರಿದ್ದಾರೆ, ಯಾರು ಹೋದರು ಅಂತ ವರ್ಷಕ್ಕೊಮ್ಮೆ ನೋಡಬೇಕು. ಈ ಕೆಲಸದಲ್ಲಿ ನಗುವನ್ನ ಹುಡುಕ್ಕೊಂಡು ಹೋಗಬೇಕಾಗಿಲ್ಲ, ಅದೇ ಬಂದು ನನ್ನ ಕೌಂಟರ್ ಮುಂದೆ ಸಾಲಲ್ಲಿ ನಿಂತಿರುತ್ತೆ. ನಾನೋ ಹೊಸ ಪಿಂಚಣಿ ಯೋಜನೆಯವನು, ನನ್ನ ಮುಪ್ಪಿನ ಗಂಜಿ ಷೇರು ಪೇಟೆಯ ಕೈಲಿದೆ. ಕಂಡವರ ಹಳೇ ಪಿಂಚಣಿ ಕಾಯೋ ಭಾಗ್ಯ ಮಾತ್ರ ನನ್ನದು. ಹೊಟ್ಟೆ ಉರಿಯಲ್ವಾ ಅಂತ ಕೇಳಬೇಡಿ. ಉರಿಯುತ್ತೆ.

ಹೋದ ನವೆಂಬರಿನಲ್ಲಿ ಮೇಲಿಂದ ಬಿಗಿ ಆದೇಶ ಬಂತು. ತಿಂಗಳ ಕೊನೆಯೊಳಗೆ ಬದುಕಿರೋದನ್ನ ತೋರಿಸದವರ ಪಿಂಚಣಿ ನಿಲ್ಲಿಸಿ ಅಂತ. ನನ್ನ ತಲೆಬಿಸಿಯೆಲ್ಲ ಕಳಸದ ದಾರಿಯ ಎಸ್ಟೇಟ್ ಊರಿನ ಒಬ್ಬ ಅಜ್ಜಿಯದು. ನಿವೃತ್ತ ನರ್ಸಮ್ಮ. ಮೊಣಕಾಲು ಕೈಕೊಟ್ಟು ಬಸ್ ಹತ್ತಲಾರರು. ಅವರ ಪಿಂಚಣಿಯ ಮೇಲೇ ಮೊಮ್ಮಗಳು ಚಿಕ್ಕಮಗಳೂರಿನ ಹಾಸ್ಟೆಲಿನಲ್ಲಿದ್ದು ನರ್ಸಿಂಗ್ ಓದ್ತಿದ್ದಳು. ಒಮ್ಮೆ ನಿಂತ ಪಿಂಚಣಿ ಮತ್ತೆ ಶುರುವಾಗಬೇಕಾದರೆ ಫೈಲು ಎಷ್ಟು ಮೇಜು ಹತ್ತಿಳಿಯಬೇಕು ಅಂತ ನನಗೆ ಗೊತ್ತಿಲ್ವೆ? ಅಷ್ಟರಲ್ಲಿ ಹುಡುಗಿ ಪೆಟ್ಟಿಗೆ ಕಟ್ಕೊಂಡು ಮನೆಗೆ ಬಂದಿರ್ತಾಳೆ.

ಹೆಚ್ಚಿಗೆ ಬದುಕಿದ್ದಕ್ಕೆ ಸಮಜಾಯಿಷಿ

ಆ ಆದೇಶಕ್ಕೆ ಮೂಲ ಚಿಕ್ಕಮಗಳೂರಿನ ಒಂದು ಸಭೆ. ಬೆಂಗಳೂರಿಂದ ಬಂದ ಸಾಹೇಬರು ಗೋಡೆ ಮೇಲೆ ಬಣ್ಣಬಣ್ಣದ ಗೆರೆ ತೋರಿಸಿ ವಿವರಿಸಿದರು. ಜನ ಮೊದಲಿಗಿಂತ ಬಹಳ ಕಾಲ ಬದುಕ್ತಿದ್ದಾರೆ, ಹೀಗೇ ಆದರೆ ಪಿಂಚಣಿ ವ್ಯವಸ್ಥೆ ಉಳಿಯೋದು ಕಷ್ಟ ಅಂತ ಅವರ ಅಳಲು. ನಮ್ಮ ಕಡೆ ಯಾವ ಸಭೆಯಾದರೂ ಹಿರಿಯರನ್ನ ಮುಂದೆ ಕೂರಿಸೋದು ಪದ್ಧತಿ. ಹಾಗಾಗಿ ಮುಂದಿನ ಸಾಲು ಪೂರ್ತಿ ನಿವೃತ್ತ ನೌಕರರ ಸಂಘದವರೇ. ಸಾಹೇಬರು ಅದನ್ನ ಗಮನಿಸಿರಲಿಲ್ಲ. ಆಯಸ್ಸಿನ ಗೆರೆ ಮೇಲಕ್ಕೆ ಹೋದ ಹಾಗೆಲ್ಲ ಆ ಸಾಲಿನ ತಲೆಗಳು ತಗ್ಗುತ್ತಾ ಹೋದವು.

ಕೊನೆಗೆ ಏನಾದರೂ ಕೇಳೋದಿದೆಯಾ ಅಂದಾಗ, ಎಲ್ಲರಿಗಿಂತ ಹಿರಿಯರಾದ ನಿವೃತ್ತ ಶಿರಸ್ತೇದಾರರು ಕೋಲೂರಿ ಎದ್ದು ಕೈಮುಗಿದರು. ಜೀವಮಾನವೆಲ್ಲ ನೋಟೀಸಿಗೆ ಉತ್ತರ ಬರೆದ ಮನುಷ್ಯ.

"ಸ್ವಾಮಿ, ಇದು ನಾವು ಉದ್ದೇಶಪೂರ್ವಕವಾಗಿ ಮಾಡಿದ್ದಲ್ಲ. ಇದೊಂದು ಸಲ ಮನ್ನಿಸಬೇಕು. ಮುಂದೆ ಹೀಗಾಗದಂತೆ ಎಚ್ಚರ ವಹಿಸ್ತೀವಿ."

ಸಾಹೇಬರ ಮುಖ ಕೆಂಪಗಾಯಿತು. ಬದುಕಿರೋರ ಬಗ್ಗೆ ಹೇಳಿದ್ದಲ್ಲ, ಸತ್ತವರ ಹೆಸರಲ್ಲಿ ಹಣ ಸೋರಬಾರದು ಅಷ್ಟೇ, ಪ್ರತಿಯೊಬ್ಬರನ್ನೂ ಕಣ್ಣಾರೆ ನೋಡಿ ಅಂತ ನಮಗೆ ತಾಕೀತು ಮಾಡಿದರು. ಆಮೇಲೆ ವೇದಿಕೆ ಇಳಿದು ಬಂದು ಶಿರಸ್ತೇದಾರರ ಕೈ ಹಿಡ್ಕೊಂಡು, ನೀವು ನೂರು ವರ್ಷ ಬಾಳಬೇಕು ಅಂತ ಹಾರೈಸಿ, ಬೆಳಗ್ಗೆಯಿಂದ ತೋರಿಸಿದ ಲೆಕ್ಕವನ್ನೆಲ್ಲ ತಾವೇ ಕೆಡಿಸಿದರು.

ಹೆಡ್‌ಮಾಸ್ಟರು ಫೇಲಾದದ್ದು

ಕಣ್ಣಾರೆ ನೋಡೋದು ಅಂದರೆ ಸುಮ್ಮನೆ ಅಲ್ಲ. ಫೋನಿನಲ್ಲೊಂದು ಆಪ್ ಇದೆ, ಅದರ ಮುಂದೆ ಕೂತು ಕಣ್ಣು ಮಿಟುಕಿಸಬೇಕು. ಮಿಟುಕಿಸಿದರೆ ಜೀವಂತ, ಇಲ್ಲದಿದ್ದರೆ ಫೋಟೋ ಅಂತ ಅದರ ತಿಳುವಳಿಕೆ. ಅಜ್ಜಿ ಊರಿಗೆ ಜೀಪ್ ಸಿಗೋದು ತಡವಾಗಿದ್ದರಿಂದ ಮೊದಲು ಮೂಡಿಗೆರೆ ಪೇಟೆಯಲ್ಲೇ ಇದ್ದ ನಮ್ಮ ಹಳೇ ಹೆಡ್‌ಮಾಸ್ಟರ ಮನೆಗೆ ಹೋದೆ. ಅವರು ದುರುಗುಟ್ಟಿ ನೋಡಿದರೆ ಈಗಲೂ ನನಗೆ ಮಗ್ಗಿ ಮರೆತುಹೋಗುತ್ತೆ.

ಅಂಥವರಿಗೆ ಕಣ್ಣು ಮಿಟುಕಿಸಿ ಸಾರ್ ಅನ್ನೋದು ಹೇಗೆ? ಹೇಗೋ ಅಂದೆ. ಅವರು ಫೋನನ್ನೂ ಹುಡುಗರನ್ನ ನೋಡಿದ ಹಾಗೇ ರೆಪ್ಪೆ ಅಲುಗಿಸದೆ ನೋಡಿದರು. ಪರದೆ ಮೇಲೆ ವಿಫಲ ಅಂತ ಬಂತು. ಇನ್ನೊಮ್ಮೆ ಮಾಡಿದರೂ ವಿಫಲ. ಅರ್ಧ ಊರನ್ನೇ ಫೇಲ್ ಮಾಡಿದ ಮನುಷ್ಯ ಬೆವರೊರೆಸಿಕೊಂಡರು. ಅವರ ಹೆಂಡತಿಗೋ ಹಿಡಿಸಲಾರದ ಖುಷಿ. ಹಿತ್ತಲ ಬಾಗಿಲಿಗೆ ಹೋಗಿ ಪಕ್ಕದ ಮನೆಯವರಿಗೆ, ನಮ್ಮ ಯಜಮಾನ್ರು ಫೇಲಾದ್ರು ಕಣ್ರೀ ಅಂತ ಹೇಳಿಯೂ ಬಂದರು. ಬಂದವರೇ ಗಂಡನಿಗೆ, ಪಾಪ, ಸೋತಿದೀರಿ, ಇವತ್ತೊಂದಿನ ಕಾಫಿಗೆ ಸಕ್ಕರೆ ಹಾಕ್ಲಾ ಅಂತ ಕೇಳಿದರು. ಸಕ್ಕರೆ ಕಾಯಿಲೆಯ ಮೇಷ್ಟ್ರು ನಂಬಲಾರದೆ ಪಟಪಟನೆ ಕಣ್ಣು ಬಡಿದರು. ಆಪ್ ಒಪ್ಪಿಕೊಂಡಿತು.

ಎಷ್ಟು ಮಾರ್ಕ್ಸ್ ಬಂತು ಅಂತ ಮೇಷ್ಟ್ರು ಕೇಳಿದರು. ಮಾರ್ಕ್ಸ್ ಇಲ್ಲ ಸಾರ್, ಪಾಸ್ ಅಷ್ಟೇ ಅಂದೆ.

"ಬರೀ ಪಾಸಾ? ಕೂತ್ಕೊಳೋ, ಇನ್ನೊಂದ್ಸಲ ಮಾಡ್ತೀನಿ."

ಅಜ್ಜಿಯ ಸವಾರಿ

ಅಜ್ಜಿ ಮನೆ ತಲುಪಿದ್ದು ಗಡುವಿನ ಕೊನೇ ದಿನ. ಅಜ್ಜಿ ಗಟ್ಟಿಮುಟ್ಟಾಗಿ ಕೂತು ಅವರೆಕಾಯಿ ಸುಲೀತಿದ್ದರು. ನನಗೆ ಹೋದ ಜೀವ ಬಂತು. ಫೋನ್ ತೆಗೆದರೆ ನೆಟ್‌ವರ್ಕ್ ಇಲ್ಲ. ಅಂಗಳದಲ್ಲಿಲ್ಲ, ರಸ್ತೆಯಲ್ಲೂ ಇಲ್ಲ. ನೆಟ್‌ವರ್ಕ್ ಬೇಕಾದರೆ ಸ್ಮಶಾನದ ದಿಬ್ಬಕ್ಕೇ ಹೋಗಬೇಕು ಅಂತ ಸೊಸೆ ಹೇಳಿದರು. ಮದುವೆ ಮಾತುಕತೆಯಾದರೂ ಊರಿನವರು ಅಲ್ಲಿಗೇ ಹೋಗಿ ಮಾತಾಡೋದಂತೆ.

ದಿಬ್ಬಕ್ಕೆ ಜೀಪ್ ಹತ್ತಲ್ಲ, ಕಾಫಿ ಗಿಡಗಳ ನಡುವೆ ಕಾಲುದಾರಿ. ಬೆತ್ತದ ಕುರ್ಚಿಗೆ ಬಿದಿರು ಕಟ್ಟಿ, ಅಕ್ಕಪಕ್ಕದ ನಾಲ್ವರು ಹೆಗಲು ಕೊಟ್ಟರು. ಫೋಟೋ ತೆಗೀತಾರೆ ಅಂತ ಅಜ್ಜಿ ಬಿಳಿ ಸೀರೆ ಉಟ್ಟು ಸೇವಂತಿಗೆ ಮುಡಿದರು. ದಾರಿಯಲ್ಲಿ ತೂಗಾಟಕ್ಕೆ ಹೆದರಿ ಕಣ್ಣು ಮುಚ್ಚಿ ಹಿಂದಕ್ಕೆ ಒರಗಿದರು. ಹಿಂದೆ ಸೊಸೆ, ಅವರ ಹಿಂದೆ ತಲೆ ಬಗ್ಗಿಸ್ಕೊಂಡು ನಾನು. ಅಜ್ಜಿಯದು ಲಿಂಗಾಯತರ ಮನೆ. ಅವರಲ್ಲಿ ತೀರಿಕೊಂಡವರನ್ನ ಮಲಗಿಸಿ ಅಲ್ಲ, ಕೂರಿಸಿಯೇ ಮಣ್ಣಿಗೆ ಒಯ್ಯೋದು. ಇದು ನನಗೆ ಆಗ ಹೊಳೆಯಲೇ ಇಲ್ಲ.

ಕೆಳಗಿನ ತೋಟದಲ್ಲಿ ಕಾಫಿ ಹಣ್ಣು ಕೊಯ್ತಿದ್ದವರಿಗೆ ಹೊಳೀತು. ಮೇಸ್ತ್ರಿ ಟೋಪಿ ತೆಗೆದ. ಲೆಕ್ಕ ಬರೆಯೋ ರೈಟರ್ ಓಡಿಹೋಗಿ ತೋಟದ ಸಾಹುಕಾರ್ರಿಗೆ ಹೇಳಿದ. ಸಾಹುಕಾರ್ರು ಹುಟ್ಟಿದಾಗ ಹೆರಿಗೆ ಮಾಡಿಸಿದ್ದೂ ಇದೇ ನರ್ಸಮ್ಮ, ಅರ್ಧ ತೋಟದ ಆಳುಗಳನ್ನ ಭೂಮಿಗೆ ತಂದದ್ದೂ ಇವರೇ. ಸಾಹುಕಾರ್ರು ತಕ್ಷಣ ಆಳುಗಳಿಗೆ ಅರ್ಧ ದಿನ ರಜೆ ಕೊಟ್ಟರು.

ದಿಬ್ಬದ ಮೇಲೆ ಕುರ್ಚಿ ಇಳಿಸಿದೆವು. ಅಜ್ಜಿ ಕಣ್ಣು ತೆರೆದು ಫೋನ್ ನೋಡಿ ಲಕ್ಷಣವಾಗಿ ಮಿಟುಕಿಸಿದರು. ಪರದೆ ಹಸಿರಾಯಿತು. ಹುಡುಗಿಯ ಓದು ಉಳೀತು ಅಂತ ಸೊಸೆ ಅಳೋಕೆ ಶುರು ಮಾಡಿದರು. ಖುಷಿಗೆ ನನ್ನ ಕಣ್ಣಲ್ಲೂ ನೀರು ಬಂತು. ಅಷ್ಟರಲ್ಲಿ ತೋಟದವರೆಲ್ಲ ಕೈಲಿ ಹೂ ಹಿಡಿದು ಮೇಲೆ ಬಂದರು. ಅಳ್ತಿದ್ದ ನಮ್ಮಿಬ್ಬರನ್ನ ನೋಡಿ ಅವರೂ ಅತ್ತರು. ಅಜ್ಜಿ ಗಾಬರಿಯಿಂದ ಎಲ್ಲರ ಮುಖ ನೋಡಿ, ಯಾರಪ್ಪಾ ಹೋದೋರು ಅಂತ ಕೇಳಿದರು.

ತೋಟದವರು ಹೂವನ್ನ ಬೆನ್ನ ಹಿಂದೆ ಬಚ್ಚಿಟ್ಟರು. ಸಾಹುಕಾರ್ರೂ ಏದುಸಿರು ಬಿಡ್ತಾ ಬಂದರು. ಅಜ್ಜಿಯನ್ನ ನೋಡಿ ಒಂದು ಕಡೆ ಸಮಾಧಾನ, ಇನ್ನೊಂದು ಕಡೆ ಸಂಕಟ. ಹಣ್ಣು ಗಿಡದಲ್ಲೇ ಒಣಗ್ತಿದೆ ಅಜ್ಜಿ, ನೀವು ಹೋದಿರಿ ಅಂತ ರಜೆ ಬೇರೆ ಕೊಟ್ಟುಬಿಟ್ಟೆನಲ್ಲ ಅಂದರು. ಆಳುಗಳ ಮುಖ ಬಾಡಿತು. ಅಜ್ಜಿ ಸರ್ಕಾರಿ ನೌಕರಿಯಲ್ಲೇ ಕೂದಲು ನೆರೆಸಿದವರು. ರಜೆ ವಿಷಯ ಅವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

"ಕೊಟ್ಟ ರಜೆ ವಾಪಸ್ ತಗೋಬೇಡ ಮಗ. ಇದನ್ನ ಮುಂಗಡ ಅಂತ ಹಿಡ್ಕೋ. ನಾನು ನಿಜವಾಗಿ ಹೋದ ದಿನ ಎಲ್ರನ್ನೂ ಕೆಲಸಕ್ಕೆ ಕರ್ಕೋ."