ಎದುರಿಗೆ ಬಂದ ಅತ್ತೆ

ನಮ್ಮ ಸೋದರತ್ತೆಯ ಮುಖ ನೋಡಿ ಹೊರಟರೆ ಹೋದ ಕೆಲಸ ಆಗಿಯೇ ತೀರುತ್ತಿತ್ತು. ಟಿಕೋಟದಲ್ಲಿ ಯಾರನ್ನು ಕೇಳಿದ್ದರೂ ಇದನ್ನೇ ಹೇಳುತ್ತಿದ್ದರು. ಆದರೆ ಆ ಕೆಲಸ ಆಗುವುದರಲ್ಲಿ ಆ ಮುಖದ ಪಾಲು ಎಷ್ಟು ಎಂದು ನನ್ನನ್ನು ಕೇಳಿದರೆ, ಏನೇನೂ ಇಲ್ಲ! ಈ ಮಾತು ಹೇಳಿ ನಾನು ಎಂಟನೆಯ ವಯಸ್ಸಿನಿಂದ ಬೈಸಿಕೊಳ್ಳುತ್ತ ಬಂದವಳು. ಈಗ ಬೈಯುವವರು ಯಾರೂ ಉಳಿದಿಲ್ಲವಾದ್ದರಿಂದ ಧೈರ್ಯವಾಗಿ ಬರೆಯುತ್ತಿದ್ದೇನೆ.

ಅತ್ತೆ ಎಂದರೆ ನನ್ನ ತಂದೆಯ ಅಕ್ಕ. ಇಪ್ಪತ್ತು ತುಂಬುವ ಮೊದಲೇ ಗಂಡನನ್ನು ಕಳೆದುಕೊಂಡು, ಒಂದು ಟ್ರಂಕು ಮತ್ತು ಒಂದು ಬೀಸುಕಲ್ಲಿನ ಸಮೇತ ತವರಿಗೆ ಬಂದವಳು. ಟ್ರಂಕು ಸರಿ, ಬೀಸುಕಲ್ಲು ಯಾಕೆ? ಬೇರೆಯವರ ಕಲ್ಲಿನಲ್ಲಿ ಬೀಸಿದ ಹಿಟ್ಟಿಗೆ ತನ್ನ ಕೈ ಒಗ್ಗುವುದಿಲ್ಲ ಎನ್ನುತ್ತಿದ್ದಳು. ಅಂಥ ಹೆಂಗಸು. ನಮ್ಮ ಮನೆಯೋ, ಊರೊಳಗಿನಿಂದ ವಿಜಾಪುರದ ರಸ್ತೆಗೆ ಹೊರಳುವ ಮೂಲೆಯಲ್ಲಿತ್ತು. ಸರ್ವಿಸ್ ಮೋಟಾರು, ಅಂದರೆ ಬಸ್ಸು, ನಿಲ್ಲುವ ಜಾಗ ಅಲ್ಲಿಂದ ನೂರು ಹೆಜ್ಜೆ. ಯಾರು ಎಲ್ಲಿಗೆ ಹೊರಟರೂ ನಮ್ಮ ಕಟ್ಟೆಯ ಮುಂದೆ ಹಾಯ್ದೇ ಹೋಗಬೇಕು. ಕಟ್ಟೆಯ ಮೇಲೆ ಅತ್ತೆ ಮೊರ ಹಿಡಿದು ಜೋಳ ಹಸನು ಮಾಡುತ್ತ ಕೂತಿರುತ್ತಿದ್ದಳು. ಹಣೆಯ ಮೇಲೆ ಕುಂಕುಮವಿಲ್ಲ, ಕೈಯಲ್ಲಿ ಬಳೆಯಿಲ್ಲ. ಊರಿಗೆ ಹೊರಟವರಿಗೆ ಇದಕ್ಕಿಂತ ಕೆಟ್ಟ ಶಕುನ ಇನ್ನೊಂದು ಬೇಕೆ?

ಹಾಗೆ ಶಕುನ ಕೆಟ್ಟರೆ ಮಾಡಬೇಕಾದ್ದು ಎಲ್ಲರಿಗೂ ಗೊತ್ತಿತ್ತು. ಮನೆಗೆ ಹಿಂತಿರುಗಬೇಕು, ಚಪ್ಪಲಿ ಬಿಡಬೇಕು, ಒಂದು ತಂಬಿಗೆ ನೀರು ಕುಡಿದು ಸ್ವಲ್ಪ ಹೊತ್ತು ಕೂತು ಹೊಸದಾಗಿ ಹೊರಡಬೇಕು. ಅಷ್ಟು ಮಾಡಿ ಬರುವಷ್ಟರಲ್ಲಿ ಮೋಟಾರು ಹೋಗಿರುತ್ತಿತ್ತು. ಮೋಟಾರು ತಪ್ಪಿದ್ದು ಯಾತರಿಂದ? ಅತ್ತೆಯ ಮುಖದಿಂದ! ನಮ್ಮ ಪಕ್ಕದ ಮನೆಯ ಕಾಕಾ ಒಂದೇ ವಾರದಲ್ಲಿ ಮೂರು ಸಲ ಹೀಗೆ ತಪ್ಪಿಸಿಕೊಂಡರು. ನಾಲ್ಕನೆಯ ಸಲ ಜಾಣತನ ಮಾಡಿ, ಕಣ್ಣು ಮುಚ್ಚಿಕೊಂಡೇ ನಮ್ಮ ಮನೆ ದಾಟಲು ಹೋಗಿ, ರಸ್ತೆಯಲ್ಲಿ ಮಲಗಿದ್ದ ಎಮ್ಮೆಯ ಮೇಲೆ ಬಿದ್ದರು. ಎಮ್ಮೆಗೂ ಕಾಕಾಗೂ ಪೆಟ್ಟಾಯಿತು, ಎರಡಕ್ಕೂ ಅತ್ತೆಯೇ ಕಾರಣವೆಂದು ತೀರ್ಮಾನವಾಯಿತು.

ಆ ದಿನ ನನ್ನ ಅಜ್ಜಿ ಮಗಳನ್ನು ಕರೆದು, ಮೋಟಾರು ಹೋಗುವವರೆಗೆ ಒಳಗೆ ಕೂತಿರಬಾರದೇ ಎಂದು ಮೆಲ್ಲಗೆ ಕೇಳಿದಳು. ಅತ್ತೆ ಮೊರ ಕೆಳಗಿಟ್ಟಳು.

"ನನ್ನ ಮಾರಿ ನೋಡಿದ್ರ ಕೆಲಸ ಕೆಡತೈತಿ ಅಂದ್ರ, ನೋಡಿದ್ರ ಆಗಾಕೂ ಬೇಕಲ್ಲ ಬೇ. ನಾ ಆಗಸ್ತೀನಿ, ನೋಡಾಕತ್ತಿರು."

ಮರುದಿನ ಬೆಳಗ್ಗೆ ಅವಳು ಕಟ್ಟೆಯನ್ನೂ ಬಿಟ್ಟು ನೇರ ರಸ್ತೆಯ ನಡುವೆ ಹೋಗಿ ನಿಂತಳು. ಮೊದಲು ಸಿಕ್ಕವರು, ಮತ್ತಾರು, ಕಾಕಾ. ಮಹಾಯುದ್ಧ ನಡೆದಿದ್ದ ಕಾಲ ಅದು. ಸೀಮೆಎಣ್ಣೆಗೆಲ್ಲ ಪರ್ಮಿಟ್ಟು. ಆ ಪರ್ಮಿಟ್ಟಿಗಾಗಿ ಕಾಕಾ ವಿಜಾಪುರದ ಕಚೇರಿಗೆ ಹೊರಟಿದ್ದರು. ಅತ್ತೆ ಅವರನ್ನು ತಡೆದು, "ಎಲ್ಲಿಗೆ ಹೊಂಟೀರಿ?" ಎಂದು ಕೇಳಿಯೇಬಿಟ್ಟಳು. ನಮ್ಮ ಕಡೆ ಹೊರಟವರನ್ನು ಎಲ್ಲಿಗೆ ಎಂದು ಕೇಳುವುದೇ ಮಹಾ ಅಪಶಕುನ. ದೂರ ಹೊರಟಿರೇನು ಎಂದು ಬಳಸಿ ಕೇಳುವುದು ಮರ್ಯಾದೆ. ಕುಂಕುಮವಿಲ್ಲದ ಹೆಂಗಸು ಎದುರಿಗೆ ಬಂದು, ಅದರ ಮೇಲೆ ಎಲ್ಲಿಗೆ ಎಂದೂ ಕೇಳಿದರೆ ಮನುಷ್ಯನಿಗೆ ಇನ್ನೇನು ಉಳಿಯಿತು? ಕಾಕಾ ಗಾಬರಿಯಲ್ಲಿ ಕೇಳಿದ್ದಕ್ಕೆಲ್ಲ ಉತ್ತರ ಕೊಟ್ಟರು. ಯಾರನ್ನು ಕಾಣಬೇಕು? ಕಾರಕೂನನನ್ನು. ಅವನು ಸಿಗದಿದ್ದರೆ? ಗೊತ್ತಿಲ್ಲ. ಕೈಯಲ್ಲಿ ಏನಿದೆ? ಕೊಡೆ. ಅರ್ಜಿ ಎಲ್ಲಿದೆ? ಮನೆಯಲ್ಲಿ, ಜಂತಿಗೆ ಸಿಕ್ಕಿಸಿದೆ. ಕೊನೆಗೆ ಅತ್ತೆ, ಇವತ್ತು ಯಾವ ವಾರ ಎಂದು ಕೇಳಿದಳು. ಐತವಾರ! ಬಾಗಿಲು ಹಾಕಿದ ಕಚೇರಿಗೆ, ಅರ್ಜಿಯಿಲ್ಲದೆ, ಒಂದು ಕೊಡೆ ಹಿಡಿದುಕೊಂಡು ಹೊರಟಿದ್ದ ಮನುಷ್ಯ ಬಾಯಿ ಮುಚ್ಚಿಕೊಂಡು ಮನೆಗೆ ಹೋದರು. ಸೋಮವಾರ ಅತ್ತೆ ಮತ್ತೆ ಎದುರಿಗೆ ನಿಂತು, ಅರ್ಜಿಯನ್ನು ಮುಟ್ಟಿ ನೋಡಿ ಕಳಿಸಿದಳು. ಸಂಜೆ ಪರ್ಮಿಟ್ಟು ಬಂತು. ಕಾಕಾ ಓಣಿಯ ತುಂಬ ತಿರುಗಿ, ಆಕೆಯ ಮುಖ ಬಲು ಗುಣದ್ದು ಎಂದು ಹೇಳಿದರು. ಐತವಾರದ ಸುದ್ದಿಯನ್ನು ಮಾತ್ರ ಯಾರಿಗೂ ಹೇಳಲಿಲ್ಲ.

ಇಷ್ಟು ಮಾಡುವ ಅತ್ತೆ ವಿಜಾಪುರವನ್ನು ನೋಡಿದ್ದು ಜನ್ಮದಲ್ಲಿ ಎರಡೇ ಸಲ. ಒಮ್ಮೆ ಗೋಳಗುಮ್ಮಟಕ್ಕೆ ಕರೆದುಕೊಂಡು ಹೋಗಿದ್ದರಂತೆ. ಅಲ್ಲಿ ಒಂದು ಸಲ ಕೂಗಿದರೆ ಏಳು ಸಲ ಕೇಳಿಸುತ್ತದೆ, ನಮ್ಮ ಮನೆಯ ಗಂಡಸರಿಗೆ ಏಳು ಸಲ ಕೂಗಿದರೂ ಒಂದು ಸಲ ಕೇಳಿಸುವುದಿಲ್ಲ ಎಂಬುದು ಆ ಪ್ರವಾಸದಿಂದ ಅವಳು ಕಲಿತ ಪಾಠ. ಆದರೂ ಕಚೇರಿಯ ಯಾವ ಕಿಟಕಿಯಲ್ಲಿ ಯಾವ ಕೆಲಸ, ಯಾವ ಕಾರಕೂನ ಎಷ್ಟು ಹೊತ್ತಿಗೆ ಚಹಾಕ್ಕೆ ಏಳುತ್ತಾನೆ, ಯಾವ ವೈದ್ಯರು ಅಮಾವಾಸ್ಯೆಗೆ ಔಷಧ ಕೊಡುವುದಿಲ್ಲ, ಎಲ್ಲ ಅವಳಿಗೆ ಗೊತ್ತು. ಹೇಗೆ? ಹೋಗುವವರನ್ನು ತಡೆದಂತೆ ಬರುವವರನ್ನೂ ಸಂಜೆ ತಡೆಯುತ್ತಿದ್ದಳು. ಏನಾಯಿತು, ಯಾಕೆ ಆಗಲಿಲ್ಲ, ಸಾಹೇಬರು ಏನಂದರು, ಎಲ್ಲ ಕೇಳಿ ಮುಗಿಯುವವರೆಗೆ ಅವರಿಗೆ ಮನೆಗೆ ಹೋಗುವ ಹಾಗಿರಲಿಲ್ಲ. ಬಾಯಲ್ಲಿ ತಂಬಾಕು ಇಟ್ಟುಕೊಂಡವರನ್ನು ಕಂಡರೆ ಹೊಸ ಮಾಮಲೇದಾರರಿಗೆ ಆಗುವುದಿಲ್ಲ ಎಂದು ಒಬ್ಬನಿಂದ ತಿಳಿದದ್ದೇ ತಡ, ಮರುದಿನದಿಂದ ಕಚೇರಿಗೆ ಹೊರಟವರೆಲ್ಲ ನಮ್ಮ ಮನೆಯ ಮುಂದೆ ಬಾಯಿ ಮುಕ್ಕಳಿಸಿ ಮೋಟಾರು ಹತ್ತಬೇಕಾಯಿತು.

ಮೋಟಾರು ಎಂದೆನಲ್ಲ, ಅದರ ಬಗ್ಗೆಯೂ ಹೇಳಬೇಕು. ಪೆಟ್ರೋಲು ಸಿಗದೆ ಅದರ ಬೆನ್ನಿಗೆ ಇದ್ದಿಲಿನ ದೊಡ್ಡ ಡ್ರಮ್ಮು ಕಟ್ಟಿದ್ದರು. ಅದರಲ್ಲಿ ಬೆಂಕಿ ಹಾಕಿ, ಗಾಳಿ ತಿರುವಿ, ಆ ಗ್ಯಾಸಿನ ಮೇಲೆ ಮೋಟಾರು ಓಡಬೇಕು. ಓಡುತ್ತಿತ್ತು ಎನ್ನುವುದು ಮರ್ಯಾದೆಯ ಮಾತು. ಸ್ವಲ್ಪ ಏರು ಬಂದರೆ ಮಂದಿ ಇಳಿದು ದೂಕುತ್ತಿದ್ದರು. ದೂಕುವಾಗ ಮುಖ ಸರಿಯಾಗಿ ಡ್ರಮ್ಮಿನ ಎದುರಿಗೇ ಇರುತ್ತಿತ್ತು.

ಇಂಥ ಮೋಟಾರಿನಲ್ಲಿ ಘೋಣಸಗಿಯ ಹುಡುಗನೊಬ್ಬ ಇಬ್ಬರು ಮಾವಂದಿರ ಜೊತೆ ಬಬಲೇಶ್ವರಕ್ಕೆ ಕನ್ಯೆ ನೋಡಲು ಹೊರಟ. ಎರಡು ಕಡೆ ಆಗಲೇ ಬೇಡವೆನಿಸಿಕೊಂಡಿದ್ದ. ಅತ್ತೆಯ ಮುಖ ನೋಡಿಕೊಂಡು ಹೋಗೋಣ ಎಂದು ಮೂವರೂ ಹೊಸ ಧೋತರ ಉಟ್ಟು ಬಂದು ನಿಂತರು. ಅತ್ತೆ ಹುಡುಗನಿಗೆ ಹಳೆಯ ಧೋತರ ಉಡಿಸಿ, ಹೊಸ ಬಟ್ಟೆಯನ್ನು ಗಂಟು ಕಟ್ಟಿಸಿ, ಬಬಲೇಶ್ವರದ ಹೊರಗಿನ ಬಾವಿಯಲ್ಲಿ ಮುಖ ತೊಳೆದು ಬಟ್ಟೆ ಬದಲಾಯಿಸಿ ಊರು ಹೊಗುವಂತೆ ಹೇಳಿದಳು. ಇದು ವರನಿಗೆ ಮಾತ್ರ ಹೇಳಿದ ಶಾಸ್ತ್ರವೆಂದು ತಿಳಿದು ಮಾವಂದಿರು ಹೊಸ ಬಟ್ಟೆಯಲ್ಲೇ ಹೋದರು. ಕನ್ಯೆಯ ಮನೆಯಲ್ಲಿ ಮಾವಂದಿರಿಬ್ಬರ ಹಲ್ಲು ಮಾತ್ರ ಬೆಳ್ಳಗೆ ಕಾಣುತ್ತಿದ್ದವಂತೆ. ನಡುವೆ ಈ ಹುಡುಗ ಮಡಿಕೆ ಮುರಿಯದ ಬಟ್ಟೆಯಲ್ಲಿ ಕೂತಿದ್ದ. ಆ ಮೋಟಾರಿನಲ್ಲಿ ಬಂದೂ ಇಷ್ಟು ಅಚ್ಚುಕಟ್ಟಾಗಿ ಉಳಿಯುವ ಹುಡುಗನಿಗೆ ಕೊಡದೆ ಮಗಳನ್ನು ಇನ್ನಾರಿಗೆ ಕೊಡಲಿ ಎಂದು ಬೀಗರು ಅಲ್ಲೇ ಒಪ್ಪಿದರು. ಅವನು ಎಷ್ಟು ಅಚ್ಚುಕಟ್ಟು ಎಂಬುದು ಮದುವೆಯಾದ ಎಂಟು ದಿನಕ್ಕೆ ಹೆಂಡತಿಗೆ ಗೊತ್ತಾಯಿತು. ಮುಂದೆ ಅತ್ತೆಯನ್ನು ಕಂಡು ಮುಖ ತಿರುಗಿಸುತ್ತಿದ್ದವಳು ಅವಳೊಬ್ಬಳೇ, ಅದೂ ಶಕುನದ ಕಾರಣಕ್ಕಲ್ಲ.

ಅಲ್ಲಿಂದ ಸುತ್ತಲಿನ ಹಳ್ಳಿಗಳಲ್ಲೂ ಹೆಸರಾಯಿತು. ಸಂತೆಯ ದಿನ ನಮ್ಮ ಕಟ್ಟೆಯ ಮುಂದೆ ಸಾಲು. ಅರಕೇರಿಯಿಂದ ವಿಜಾಪುರಕ್ಕೆ ಹೋಗಲು ಟಿಕೋಟಕ್ಕೆ ಬರುವ ಅಗತ್ಯವೇ ಇಲ್ಲ. ಆದರೂ ಅಲ್ಲಿನವನೊಬ್ಬ ಎತ್ತು ಕೊಳ್ಳಲು ಹೋಗುವ ಮುಂಚೆ ಮುಖ ನೋಡಲೆಂದೇ ಇತ್ತ ಬಂದ. ಅತ್ತೆ ಕೇಳಲು ಶುರು ಮಾಡಿದಳು. ಹಲ್ಲು ನೋಡಲು ಬರುತ್ತದೆಯೇ, ನಡೆಸಿ ನೋಡುತ್ತೀಯೋ ಇಲ್ಲವೋ, ಜೊತೆಗೆ ಯಾರಿದ್ದಾರೆ? ಅವನಿಗೆ ಅವಸರ.

"ಅದೆಲ್ಲಾ ಬ್ಯಾಡ್ರೆವ್ವಾ. ಬರೀ ಮಾರಿ ತೋರಸ್ರಿ, ಸಾಕು. ಮೋಟರ್ ಹೋಗತೈತಿ."

ಅತ್ತೆ ತೋರಿಸಿದಳು. ಅವನು ಕೈ ಮುಗಿದು ಹೋದ. ಕೊಂಡ ಎತ್ತು ಊರು ಮುಟ್ಟುವ ಮೊದಲೇ ಕುಂಟಲು ಹತ್ತಿತು. ಈಗಲಾದರೂ ಮಂದಿಗೆ ತಿಳಿದೀತು ಎಂದು ನಾನು ಬಲು ಖುಷಿಯಿಂದ ಕಾದಿದ್ದೆ. ಊರು ಕೂತು ಬಹಳ ಚರ್ಚೆ ಮಾಡಿ, ಅವನು ಅವಸರದಲ್ಲಿ ಓರೆಯಾಗಿ ನೋಡಿರಬೇಕು ಎಂದಿತು!

ಮುಖವಲ್ಲ, ಆ ಪ್ರಶ್ನೆಗಳೇ ಕೆಲಸ ಮಾಡಿಸುತ್ತವೆ, ಅವನ್ನು ನೀವೇ ಮನೆಯಲ್ಲಿ ಕೇಳಿಕೊಂಡು ಹೊರಡಿ ಎಂದು ನಾನು ಸಿಕ್ಕವರಿಗೆಲ್ಲ ಹೇಳುತ್ತಿದ್ದೆ. ಸಾಲಿ ಕಲಿತು ಹುಡುಗಿಯ ತಲೆ ತಿರುಗಿದೆ ಎಂದು ಅಜ್ಜಿ ಬೈಯುತ್ತಿದ್ದಳು. ಅತ್ತೆ ಮಾತ್ರ ನಗುತ್ತಿದ್ದಳು. ಮುಖವೆನ್ನಲಿ ಬಾಯಿ ಎನ್ನಲಿ, ಮೋಟಾರು ತಪ್ಪುವುದಿಲ್ಲವಲ್ಲ ಎಂದು ಅವಳ ಸಮಾಧಾನ. ಅವಳಿಗೂ ನನ್ನ ಹಾಗೆ ಮುಖದಲ್ಲಿ ನಂಬಿಕೆಯಿಲ್ಲ ಎಂದೇ ನಾನು ತಿಳಿದಿದ್ದೆ. ಆ ಮಾತಿನಲ್ಲಿ ನಾವಿಬ್ಬರೂ ಒಂದೇ ಪಕ್ಷವೆಂದು ನನಗೆ ಹೆಮ್ಮೆ.

ನಾನು ಏಳನೆಯ ಇಯತ್ತೆಗೆ ಬಂದೆ. ವರ್ಷದ ಕೊನೆಗೆ ವಿಜಾಪುರದಲ್ಲಿ ಮುಲ್ಕಿ ಪರೀಕ್ಷೆ. ಪಾಸಾದರೆ ಮುಂದೆ ಮಾಸ್ತರಿಕಿ ಮಾಡಬಹುದು. ನಪಾಸಾದರೆ ಅದೇ ವರ್ಷ ಮದುವೆ ಎಂದು ಅಪ್ಪ ಹೇಳಿಬಿಟ್ಟಿದ್ದ. ಈ ಒಂದು ಪರೀಕ್ಷೆಗೆ ಕೂರಲು ಬಿಡುವಂತೆ ಅಪ್ಪನ ಬೆನ್ನು ಹತ್ತಿ ಒಪ್ಪಿಸಿದ್ದವಳು ಅತ್ತೆ. ಇನ್ನು ಅವಳ ತಯಾರಿ ಕೇಳುತ್ತೀರಾ? ನನ್ನನ್ನು ಗೋಣಿಚೀಲದ ಮೇಲೆ ಮೂರು ತಾಸು ಏಳದಂತೆ ಕೂರಿಸಿ ಬರೆಸುತ್ತಿದ್ದಳು. ಪರೀಕ್ಷೆಯಲ್ಲಿ ಗದ್ದಲವಾದರೆ ಹೆದರಬಾರದೆಂದು ಪಕ್ಕದಲ್ಲೇ ಕೂತು ಜೋಳ ಬೀಸುತ್ತಿದ್ದಳು. ಬರೆಯುವ ಟಾಕು ಎರಡು, ಮಸಿ ಕುಡಿಕೆ ಎರಡು. ಉಳಿಯಲು ವಿಜಾಪುರದಲ್ಲಿ ಒಂದು ಮನೆ, ಆ ಮನೆಯಲ್ಲಿ ಯಾರಿಗಾದರೂ ಜ್ವರ ಬಂದರೆ ಎಂದು ಇನ್ನೊಂದು ಮನೆ. ಪರೀಕ್ಷೆಯ ಸಾಲಿ ಯಾವ ದಿಕ್ಕಿಗಿದೆ ಎಂದು ನೋಡಿಕೊಂಡು ಬರಲು ಒಂದು ವಾರ ಮೊದಲೇ ಅಪ್ಪನ ಜೊತೆ ನನ್ನನ್ನು ಕಳಿಸಿದಳು. ಇಷ್ಟಾದ ಮೇಲೆ ನಪಾಸಾಗಬೇಕೆಂದರೆ ನಾನು ವಿಶೇಷ ಪ್ರಯತ್ನವನ್ನೇ ಮಾಡಬೇಕಿತ್ತು.

ಹೊರಡುವ ದಿನ ಬೆಳಗ್ಗೆ ನೋಡಿದರೆ, ಅತ್ತೆ ಇಲ್ಲ. ಕಟ್ಟೆಯ ಮೇಲಿಲ್ಲ, ಅಡುಗೆಮನೆಯಲ್ಲಿಲ್ಲ. ಅವ್ವ ರಸ್ತೆಯಲ್ಲಿ ತುಂಬಿದ ಕೊಡ ಹೊತ್ತು ಎದುರಿಗೆ ಬರಲು ಸಿದ್ಧವಾಗಿ ನಿಂತಿದ್ದಳು. ಕಾಕಾ ಕೂಡ ಬಂದು, ಆಕೆಯ ಮುಖ ನೋಡದೆ ಹುಡುಗಿಯನ್ನು ಕಳಿಸಬೇಡಿ ಎಂದು ಕೂತುಬಿಟ್ಟರು. ನಾನು ಹಿತ್ತಲಿಗೆ ಓಡಿದೆ. ಜೋಳದ ಕಣಿಕೆಯ ಬಣವೆಯ ಹಿಂದೆ ಅತ್ತೆ ಮೊಣಕಾಲು ಕಟ್ಟಿಕೊಂಡು ಕೂತಿದ್ದಳು. ನನ್ನನ್ನು ಕಂಡದ್ದೇ ಮುಖವನ್ನು ಅತ್ತ ತಿರುಗಿಸಿದಳು.

"ಇಲ್ಲಿ ಯಾಕ ಕುಂತೀ ಅತ್ತಿ?"

"ನೀ ಹೋಗವ್ವಾ. ನಿಮ್ಮವ್ವಗ ಎದುರಿಗೆ ಬಾ ಅಂತ ಹೇಳೀನಿ."

ಊರೆಲ್ಲ ನಿನ್ನನ್ನು ನೋಡಿ ಹೋಗುತ್ತದೆ, ನಾನೊಬ್ಬಳು ಯಾಕೆ ನೋಡಬಾರದು ಎಂದೆ. ಅವಳು ತಿರುಗಲಿಲ್ಲ.

"ಊರ ಮಂದಿದು ಕೆಟ್ರ ಮತ್ತೊಂದು ವಾರ ಹೋಗತಾರ. ನಿಂದು ಕೆಟ್ರ ನಾ ತಡಕೊಳ್ಳೂದಿಲ್ಲ. ನಿಮ್ಮ ಮಾವ ಬಬಲೇಶ್ವರಕ್ಕ ಹೊಂಟಾಗ ನಾನ ಎದುರಿಗೆ ನಿಂತಿದ್ದೆ. ಹಣಿ ತುಂಬ ಕುಂಕುಮ ಇತ್ತು, ಕೈ ತುಂಬ ಹಸರ ಬಳಿ ಇದ್ದೂವು. ನಕ್ಕೋತ ನಿಂತಿದ್ದೆ. ಹಳ್ಳಕ್ಕ ನೀರು ಬಂದಾವೇನು ಅಂತ ಒಂದ ಮಾತು ಕೇಳಲಿಲ್ಲ. ಹಳ್ಳ ದಾಟಾಕ ಹೋದವರು ಹೊಳ್ಳಿ ಬರಲಿಲ್ಲ. ಕೇಳೂದು ಆವತ್ತಿನಿಂದ ಕಲತೆ. ಈ ಮಾರಿ ಮ್ಯಾಲ ಮಾತ್ರ ನನಗ ಇನ್ನೂ ಧೈರ್ಯ ಇಲ್ಲವ್ವಾ."

ಎಂಟನೆಯ ವಯಸ್ಸಿನಿಂದ ಊರಿಗೆ ಹೇಳಿಕೊಂಡು ಬಂದ ವಾದವೆಲ್ಲ ನನ್ನ ಬಾಯಲ್ಲಿ ಸಿದ್ಧವಾಗಿತ್ತು. ಮುಖದಲ್ಲಿ ಏನೂ ಇಲ್ಲ ಎನ್ನುವುದಕ್ಕೆ ಇಷ್ಟು ಒಳ್ಳೆಯ ಪುರಾವೆ ನನಗೆ ಅದುವರೆಗೆ ಸಿಕ್ಕಿರಲಿಲ್ಲ. ಅದನ್ನೆಲ್ಲ ಬಿಟ್ಟು, ಹೊಸ ಸೀರೆಯಲ್ಲೇ ಅವಳ ಪಕ್ಕದಲ್ಲಿ ಮಣ್ಣಿನ ಮೇಲೆ ಕೂತೆ.

"ನೀ ಎದುರಿಗೆ ಬರೂತನಕ ನಾ ಹೋಗೂದಿಲ್ಲ ಅತ್ತಿ."

ರಸ್ತೆಯ ಕಡೆಯಿಂದ ಮೋಟಾರಿನ ಹಾರ್ನು ಕೇಳಿತು. ಅತ್ತೆ ಮೊದಲು ನನ್ನ ಸೀರೆಯ ಧೂಳು ಝಾಡಿಸಿದಳು, ಆಮೇಲೆ ಎದ್ದಳು. ಸೆರಗನ್ನು ಗದ್ದದವರೆಗೆ ಎಳೆದುಕೊಂಡು ನನ್ನ ಮುಂದೆ ನಡೆದಳು. ಅವ್ವ ಕೊಡ ಹೊತ್ತುಕೊಂಡೇ ಬದಿಗೆ ಸರಿದಳು. ರಸ್ತೆಯ ನಡುವೆ ಅತ್ತೆ ನನ್ನತ್ತ ತಿರುಗಿ ನಿಂತಳು. ನಾನೇ ಹೋಗಿ ಸೆರಗು ಮೇಲೆತ್ತಿದೆ. ಊರಿಗೆಲ್ಲ ಮುಖ ತೋರಿಸಿದ ನಮ್ಮ ಅತ್ತೆ ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡು ನಿಂತಿದ್ದಳು. ರೆಪ್ಪೆಗಳೆಲ್ಲ ಒದ್ದೆ. ಕಣ್ಣು ತೆರೆಯುವವರೆಗೆ ಕಾದೆ. ತೆರೆದಳು. ಅಷ್ಟು ಹತ್ತಿರದಿಂದ ಅಷ್ಟು ಹೊತ್ತು ನಾನು ಅವಳನ್ನು ಅದುವರೆಗೆ ನೋಡಿಯೇ ಇರಲಿಲ್ಲ. ಚೆಂದದ ಮುಖ.

ನಾನು ಪಾಸಾದೆ. ಅದು ಅವಳ ಮುಖದ ಗುಣ ಎಂದು ಊರೆಲ್ಲ ಹೇಳಿತು. ಹೌದು ಎಂದೆ.